ಸರ್ಕಾರದ ಒಂದು ರೂಪಾಯಿ ಬಿದ್ದ ಬಾವಿ ಯಾರದು?



ಸ್ವಲ್ಪ ಉದ್ದ ಬರೀತಿದ್ದೀನಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಓದಿದ ಮೇಲೆ ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ ಒಂದು ಕಡತ ಕೇಳಿ. ಯಾವ ಕಡತ, ಯಾಕೆ ಅನ್ನೋದನ್ನ ಹೇಳೋಕೇ ಇದನ್ನ ಬರೀತಿರೋದು.

ಈಗ ಹಳ್ಳಿಗಳಿಗೆ ನೀರಿನ ಹೆಸರಲ್ಲಿ ಎರಡು ಥರದ ಅನುದಾನ ಬರ್ತಿದೆ. ಒಂದು ಕುಡಿಯುವ ನೀರಿಗೆ. ಮನೆಮನೆಗೆ ನಲ್ಲಿ, ಓವರ್‌ಹೆಡ್ ಟ್ಯಾಂಕು, ನೀರಿನ ಗುಣಮಟ್ಟದ ಪರೀಕ್ಷೆ. ಇನ್ನೊಂದು ಹಳೇ ಕಲ್ಯಾಣಿ, ಪುಷ್ಕರಣಿ, ಮೆಟ್ಟಿಲು ಬಾವಿ, ಕೆರೆಗಳ ಜೀರ್ಣೋದ್ಧಾರಕ್ಕೆ. ಕಡತದಲ್ಲಿ ಅದಕ್ಕೆ 'ಪುನಶ್ಚೇತನ' ಅಂತಾರೆ, ಭಾಷಣದಲ್ಲಿ 'ನಮ್ಮ ಪರಂಪರೆಯ ರಕ್ಷಣೆ' ಅಂತಾರೆ. ಎರಡೂ ಒಳ್ಳೇ ಕೆಲಸವೇ, ನನ್ನ ತಕರಾರಿಲ್ಲ. ಆದರೆ ಎರಡಕ್ಕೂ ಬೇರೆ ಇಲಾಖೆ, ಬೇರೆ ಕಡತ, ಬೇರೆ ಉದ್ಘಾಟನೆ. ಊರಿನವರಿಗೆ ನೀರಿನ ಶುದ್ಧಿ ಬೇರೆ, ನೀರಿನ ಇತಿಹಾಸ ಬೇರೆ ಇರಬಹುದು. ಕೇರಿಯವರಿಗೆ ಅವೆರಡೂ ಒಂದೇ ಕಥೆ. ನಾವು ಮುಟ್ಟಿದರೆ ನೀರು ಕೆಡುತ್ತೆ ಅಂತ ಹೇಳಿದ್ದೇ ನಮ್ಮ ಪಾಲಿನ ನೀರಿನ ಇತಿಹಾಸ.

ನಮ್ಮ ಸಂವಿಧಾನದ 15ನೇ ವಿಧಿ ಎಲ್ಲರಿಗೂ ಗೊತ್ತು. ಜಾತಿ, ಧರ್ಮ, ಲಿಂಗ, ಹುಟ್ಟಿದ ಜಾಗದ ಮೇಲೆ ತಾರತಮ್ಯ ಮಾಡಬಾರದು ಅಂತ ಭಾಷಣದಲ್ಲಿ ಹೇಳ್ತೀವಿ, ಅಲ್ಲಿಗೆ ನಿಲ್ಲಿಸ್ತೀವಿ. ಅದರ ಎರಡನೇ ಉಪವಿಧಿಯನ್ನ ಬಿಡಿಸಿ ಓದಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದಾಗಿ ಹೆಸರು ಹಿಡಿದು ಬರೆದಿದ್ದಾರೆ. ಸರ್ಕಾರದ ಹಣದಿಂದ ಪೂರ್ತಿಯಾಗಿ ಆಗಲಿ, ಸ್ವಲ್ಪ ಭಾಗ ಆಗಲಿ ನಿರ್ವಹಣೆ ಆಗ್ತಿದ್ದರೆ, ಇಲ್ಲವೇ ಸಾರ್ವಜನಿಕರಿಗೆ ಅಂತ ಬಿಟ್ಟಿದ್ದರೆ, ಅಲ್ಲಿಗೆ ಯಾವ ಪ್ರಜೆಯನ್ನೂ ಜಾತಿ ಕಾರಣಕ್ಕೆ ತಡೆಯುವಂತಿಲ್ಲ. ಮೊದಲನೇ ಉಪವಿಧಿ ಸರ್ಕಾರಕ್ಕೆ ಹೇಳಿದ್ದು. ಎರಡನೆಯದು ಪಕ್ಕದ ಮನೆಯವನಿಗೂ ಹೇಳಿದ್ದು.

'ಸ್ವಲ್ಪ ಭಾಗ ಆಗಲಿ' ಅನ್ನೋ ಮಾತನ್ನ ಗಮನಿಸಿ. ಇಷ್ಟು ಲಕ್ಷ ಹಾಕಿದ್ದರೆ ಮಾತ್ರ ಅಂತ ಅಲ್ಲಿಲ್ಲ. ಬಾವಿಯ ನಿರ್ವಹಣೆಗೆ ಸರ್ಕಾರದ ಒಂದು ರೂಪಾಯಿ ಬಿದ್ದರೂ ಅದರ ಜೊತೆಗೆ 15ನೇ ವಿಧಿಯೂ ಬಂದು ಬೀಳುತ್ತೆ.

ಈ ಮಾತು ಎಲ್ಲಿಂದ ಬಂತು ಅಂತ ತಿಳಿಯೋಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು. 1923ರ ಆಗಸ್ಟ್ 4ರಂದು ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಳೆಯವರು ಒಂದು ನಿರ್ಣಯ ತಂದು ಪಾಸು ಮಾಡಿಸಿದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುತ್ತಿರುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳೆಲ್ಲ ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನೋದು ಅದರ ಸಾರ. ಆಗ ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ ಜಿಲ್ಲೆಗಳೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಅಂದರೆ ಇದು ನಮ್ಮ ನಾಡಿನ ಒಂದು ಭಾಗದ ಇತಿಹಾಸವೂ ಹೌದು.

ನಿರ್ಣಯ ಆಯ್ತು, ಊರುಗಳು ಒಪ್ಪಲಿಲ್ಲ. ಆಗ ಬೋಳೆಯವರು 1926ರಲ್ಲಿ ಇನ್ನೊಂದು ನಿರ್ಣಯ ತಂದರು. ಮೊದಲ ನಿರ್ಣಯ ಜಾರಿ ಮಾಡದ ಪುರಸಭೆಗಳಿಗೆ, ಲೋಕಲ್ ಬೋರ್ಡುಗಳಿಗೆ ವಾರ್ಷಿಕ ಅನುದಾನ ಕೊಡಬೇಡಿ ಅಂತ! ಬಾವಿ ಬಿಡಲ್ವಾ? ಹಾಗಾದ್ರೆ ದುಡ್ಡೂ ಇಲ್ಲ. ಅನುದಾನಕ್ಕೂ ಸಮಾನತೆಗೂ ಗಂಟು ಹಾಕಬೇಕು ಅನ್ನೋ ಮಾತು ನಾವು ಇವತ್ತು ಹೊಸದಾಗಿ ಹುಟ್ಟುಹಾಕಿದ್ದಲ್ಲ.

ಮುಂದೆ ನಡೆದದ್ದು ನಿಮಗೆಲ್ಲ ಗೊತ್ತು. ಮಹಾಡ್ ಪುರಸಭೆ 1924ರಲ್ಲೇ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಕಾಗದದಲ್ಲಿ ಮುಕ್ತ, ಕೆರೆ ಹತ್ತಿರ ಹೋದರೆ ಇಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ಕೆರೆಯ ನೀರು ಕುಡಿದರು. ಆಮೇಲೆ ನಮ್ಮವರ ಮೇಲೆ ಹಲ್ಲೆ ಆಯ್ತು. ಸವರ್ಣೀಯರು ಸೆಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ಸುರಿದು ಕೆರೆಯನ್ನ 'ಶುದ್ಧ' ಮಾಡಿದರು. ನಂತರ ಕೋರ್ಟಿಗೆ ಹೋಗಿ, ಇದು ಸಾರ್ವಜನಿಕ ಕೆರೆಯಲ್ಲ, ಸುತ್ತಲ ಮನೆಯವರ ಖಾಸಗಿ ಆಸ್ತಿ ಅಂತ ವಾದಿಸಿದರು. 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟು ತೀರ್ಪು ಬಾಬಾಸಾಹೇಬರ ಪರವಾಗಿ ಬರೋ ತನಕ ಹತ್ತು ವರ್ಷ ಹಿಡೀತು. ಒಂದು ಕೆರೆಗೆ ಹತ್ತು ವರ್ಷ!

'ಖಾಸಗಿ ಆಸ್ತಿ' ಅನ್ನೋ ಆ ವಾದ ಇನ್ನೂ ಸತ್ತಿಲ್ಲ. ನಮ್ಮೂರಿನಲ್ಲಿ ಅದನ್ನ ನನ್ನ ಕಿವಿಯಾರೆ ಕೇಳಿದ್ದೀನಿ.

ನಮ್ಮದು ಕೋಲಾರ ಜಿಲ್ಲೆ. ಕೆರೆಗಳ ಜಿಲ್ಲೆ. ನಮ್ಮ ಕಡೆ ಕೆರೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವನು ನೀರಗಂಟಿ. ಬಹಳ ಊರುಗಳಲ್ಲಿ ಆ ಕೆಲಸ ನಮ್ಮ ಕೇರಿಯವರದೇ. ನನ್ನ ತಾತನೂ ನೀರಗಂಟಿ ಆಗಿದ್ದರು. ಕೋಡಿ ಬಿದ್ದ ರಾತ್ರಿ ಏರಿ ಮೇಲೆ ಲಾಂದ್ರ ಹಿಡ್ಕೊಂಡು ಕಾಯೋರು. ಕೊನೇ ಗದ್ದೆಗೂ ನೀರು ಮುಟ್ಟಿಸದೆ ಮನೆಗೆ ಬರ್ತಿರಲಿಲ್ಲವಂತೆ. ಊರಿಗೆಲ್ಲ ನೀರು ಹಂಚಿದ ಆ ಮನುಷ್ಯ ಊರ ಕಲ್ಯಾಣಿಯ ಮೆಟ್ಟಿಲು ಇಳಿಯೋ ಹಾಗಿರಲಿಲ್ಲ. ನಮ್ಮಮ್ಮ ಮದುವೆಯಾಗಿ ಬಂದ ಕಾಲದಲ್ಲಿ ಕಲ್ಯಾಣಿ ಪಕ್ಕದ ಕಲ್ಲಿನ ಮೇಲೆ ಕೊಡ ಇಟ್ಟು ದೂರ ನಿಲ್ಲಬೇಕಿತ್ತು. ಯಾರಾದ್ರೂ ಪುಣ್ಯಾತ್ಮರು ಮೊಗೆದು ಸುರಿದರೆ ಉಂಟು, ಇಲ್ಲಾಂದ್ರೆ ಇಲ್ಲ. ಆ ಕಲ್ಲು ಇವತ್ತಿಗೂ ಅಲ್ಲೇ ಇದೆ. ಅದರ ಮೇಲೆ ಕೊಡ ಕೂತು ಕೂತು ಗುಂಡಗೆ ಸವೆದಿರೋ ಗುರುತೂ ಇದೆ.

ನಾಲ್ಕೈದು ವರ್ಷದ ಹಿಂದೆ ಆ ಕಲ್ಯಾಣಿಯ ಜೀರ್ಣೋದ್ಧಾರ ಆಯ್ತು. ಕೂಲಿ ನರೇಗಾದಿಂದ, ಉಳಿದದ್ದು ಪಂಚಾಯಿತಿಗೆ ಬಂದ ಅನುದಾನದಿಂದ. ಹೂಳು ಎತ್ತಿದವರು ಯಾರು? ಜಾಬ್ ಕಾರ್ಡ್ ಇಟ್ಕೊಂಡು ಬಿಸಿಲಲ್ಲಿ ಮಂಕರಿ ಹೊತ್ತವರಲ್ಲಿ ಮುಕ್ಕಾಲು ಪಾಲು ನಮ್ಮ ಕೇರಿಯವರೇ. ತಳದ ತನಕ ಇಳಿದು ಕೆಸರು ಬಳಿದರು. ಆಗ ಯಾರ ಮೈಲಿಗೆಯೂ ಯಾರಿಗೂ ನೆನಪಾಗಲಿಲ್ಲ. ಕೆಲಸ ಮುಗೀತು, ಕಲ್ಲು ತೊಳೆದರು, ಸುಣ್ಣ ಹೊಡೆದರು. ಗಂಗೆಪೂಜೆ ದಿನ ನಮ್ಮವರು ರಸ್ತೆ ಆಚೆ ನಿಂತರು. ಮಾರನೇ ವಾರ ಒಂದು ಬೋರ್ಡು ಬಂತು: ಪವಿತ್ರ ಕಲ್ಯಾಣಿ, ಅನ್ಯರಿಗೆ ಪ್ರವೇಶವಿಲ್ಲ. ಆ 'ಅನ್ಯರು' ಯಾರು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳೋ ಅವಶ್ಯಕತೆಯೂ ಇರಲಿಲ್ಲ.

ಗ್ರಾಮಸಭೆಯಲ್ಲಿ ಕೇಳಿದ್ದಕ್ಕೆ ಊರಿನ ಹಿರಿಯರೊಬ್ಬರು ಸಮಾಧಾನವಾಗೇ ಹೇಳಿದರು: "ಅದು ದೇವಸ್ಥಾನದ್ದು ಕಣಪ್ಪ, ಪಂಚಾಯ್ತಿದಲ್ಲ. ನಿಮ್ಗೆ ನಿಮ್ ಟ್ಯಾಂಕ್ ಐತಲ್ಲ."

ನಾನು ಬೇರೊಂದು ಕಚೇರಿಯಲ್ಲಿ ಗುಮಾಸ್ತ. ದಿನಾ ಕಡತದ ಮಧ್ಯೆನೇ ಇರೋನು. ಭಾಷಣಕ್ಕಿಂತ ಕಡತದ ಮೇಲೆ ನಂಬಿಕೆ ಜಾಸ್ತಿ. ಜಗಳಕ್ಕೆ ಹೋಗಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ, ಬಿಲ್ಲು ಕೇಳಿದೆ. ಬಂತು. ಕಾಮಗಾರಿಯ ಹೆಸರು, ಯೋಜನೆಯ ಹೆಸರು, ಖರ್ಚಾದ ಹಣ ಎಲ್ಲ ಅದರಲ್ಲಿತ್ತು. ಅದನ್ನ ಮುಂದಿನ ಗ್ರಾಮಸಭೆಯಲ್ಲಿ ಜೋರಾಗಿ ಓದಿದೆ. ಓದಿ ಕೇಳಿದೆ: "ಸ್ವಾಮಿ, ಕಲ್ಯಾಣಿ ದೇವಸ್ಥಾನದ್ದೇ ಇರಲಿ. ಈ ಹಣ ಯಾರದು? ಇದು ಸಾರ್ವಜನಿಕ ಆಸ್ತಿಯಲ್ಲ ಅಂದ್ರೆ ಸಾರ್ವಜನಿಕರ ಹಣ ಹೇಗೆ ಖರ್ಚಾಯ್ತು? ಸಾರ್ವಜನಿಕ ಆಸ್ತಿ ಅಂದ್ರೆ ಈ ಬೋರ್ಡು ಹೇಗೆ ಬಂತು? ಎರಡರಲ್ಲಿ ಒಂದನ್ನ ನಡಾವಳಿಯಲ್ಲಿ ಬರೆದುಕೊಡಿ."

ಬರೆದುಕೊಡೋಕೆ ಯಾರೂ ತಯಾರಿರಲಿಲ್ಲ. ಯಾವ ಉತ್ತರ ಬರೆದರೂ ಸಿಕ್ಕಿಹಾಕಿಕೊಳ್ತಾರೆ. ಇನ್ನೂ ಎರಡು ಗ್ರಾಮಸಭೆ ಹಿಡೀತು. ಕೊನೆಗೆ ಒಂದು ದಿನ ಬೋರ್ಡಿನ ಮೇಲೆ ಬಣ್ಣ ಬಳಿದು ಯೋಜನೆಯ ಹೆಸರು, ಮೊತ್ತ ಬರೆದರು. ನಮ್ಮ ಹುಡುಗರು ಮೆಟ್ಟಿಲು ಇಳಿದು ಕೈಕಾಲು ತೊಳೆದು ಬಂದರು. ಇಬ್ಬರು ಮೂವರು ಮುಖ ತಿರುಗಿಸಿದರು, ಅಷ್ಟೇ. ಅಮ್ಮ ಮಾತ್ರ ಇಳಿಯಲಿಲ್ಲ. "ನೀವು ಇಳಿದ್ರಲ್ಲ, ಸಾಕು ಬಿಡು" ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ಈಗ ಆ ಹಿರಿಯರು ಹೇಳಿದ ಇನ್ನೊಂದು ಮಾತಿಗೆ ಬರ್ತೀನಿ: ನಿಮ್ಗೆ ನಿಮ್ ಟ್ಯಾಂಕ್ ಐತಲ್ಲ. ಇದನ್ನ ನಮ್ಮ ಹುಡುಗರೂ ಕೇಳ್ತಾರೆ. "ಅಣ್ಣಾ, ಮನೆ ಮುಂದೆ ನಲ್ಲಿ ಬಂದಿದೆ. ಪಾಚಿ ಕಟ್ಟಿರೋ ಆ ಕಲ್ಯಾಣಿ ನೀರನ್ನ ಯಾರು ಕುಡೀತಾರೆ? ಯಾಕೆ ಅದಕ್ಕೋಸ್ಕರ ಹೊಡೆದಾಟ?" ನ್ಯಾಯವಾದ ಪ್ರಶ್ನೆ. ನಲ್ಲಿಯಿಂದಲೇ ಉತ್ತರ ಹೇಳ್ತೀನಿ.

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆ ಆಯ್ತು. ಪ್ರತಿ ಹಳ್ಳಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್, ಗುಣಮಟ್ಟ ಬಿ.ಐ.ಎಸ್. 10500 ಮಾನದಂಡದ ಪ್ರಕಾರ. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ. ನೈಟ್ರೇಟ್ 45 ದಾಟಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಏನು ಅಂತ ಹೇಳಬೇಕಾಗಿಲ್ಲ, ನಮ್ಮ ಹಲ್ಲೇ ಹೇಳುತ್ತೆ. ಪ್ರತಿ ಹಳ್ಳಿಯಲ್ಲಿ ಐದು ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಮಾಡೋದನ್ನ ಕಲಿಸಬೇಕು ಅನ್ನೋದೂ ಯೋಜನೆಯಲ್ಲಿದೆ. ಇದಲ್ಲದೆ 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟುಪಾಡು ಇತ್ತು. ದುಡ್ಡೇ ಇರಲಿಲ್ಲ ಅನ್ನೋ ಹಾಗಿಲ್ಲ.

ಆದರೆ ಪರೀಕ್ಷೆಗೆ ನೀರನ್ನ ಎಲ್ಲಿಂದ ಹಿಡೀತಾರೆ ನೋಡಿದ್ದೀರಾ? ಬೋರ್‌ವೆಲ್ ಹತ್ತಿರ ಇಲ್ಲಾ ಟ್ಯಾಂಕಿನ ಕೆಳಗೆ. ಅಲ್ಲಿ ನೀರು ಚೆನ್ನಾಗೇ ಇರುತ್ತೆ. ಕೇರಿ ಇರೋದು ಪೈಪಿನ ಕೊನೆಯಲ್ಲಿ. ಪೈಪು ಚರಂಡಿ ಪಕ್ಕ, ಕೆಲವು ಕಡೆ ಚರಂಡಿ ಒಳಗೇ ಬಂದಿರುತ್ತೆ. ನೀರು ಬಿಡೋದು ದಿನಕ್ಕೆ ಒಂದು ಗಂಟೆಯೋ ಎರಡು ಗಂಟೆಯೋ. ನೀರು ನಿಂತಾಗ ಪೈಪಿನ ಒಳಗೆ ಒತ್ತಡ ಇರೋದಿಲ್ಲ, ಜಾಯಿಂಟ್ ಸಡಿಲ ಇದ್ದ ಕಡೆ ಹೊರಗಿನ ಚರಂಡಿ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಟ್ಯಾಂಕಿಗೆ ಹಾಕಿದ ಕ್ಲೋರಿನ್ ಕೊನೇ ನಲ್ಲಿ ಮುಟ್ಟೋ ಹೊತ್ತಿಗೆ ಖಾಲಿ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮ. ಟ್ಯಾಂಕಿನ ಕೆಳಗೆ ನೋಡಿ 'ಸರಿ ಇದೆ' ಅಂತ ಬರೆದರೆ ನಮ್ಮ ಮಕ್ಕಳ ವಾಂತಿಭೇದಿ ಯಾವ ಕಡತಕ್ಕೂ ಬರೋದಿಲ್ಲ.

ನಮ್ಮೂರ ಐದು ಜನರ ಪಟ್ಟಿಯಲ್ಲಿ ಕೇರಿಯ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ. ಹೇಳಿ ಹೇಳಿ ಒಬ್ಬಳನ್ನ ಸೇರಿಸಿದೆವು. ಅವಳು ಎರಡು ಸೀಸೆ ತಗೊಂಡು ಒಂದರಲ್ಲಿ ಟ್ಯಾಂಕಿನ ನೀರು, ಇನ್ನೊಂದರಲ್ಲಿ ನಮ್ಮ ಕೊನೇ ಮನೆಯ ನಲ್ಲಿ ನೀರು ಹಿಡಿದು ಇಟ್ಟಳು. ಬ್ಯಾಕ್ಟೀರಿಯಾ ಇದ್ದರೆ ಆ ಸೀಸೆಯ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತೆ. ಟ್ಯಾಂಕಿನ ಸೀಸೆ ಹಾಗೇ ಇತ್ತು. ನಮ್ಮ ಸೀಸೆ ಮಾರನೇ ದಿನಕ್ಕೇ ಕಪ್ಪಾಯ್ತು. ಅವಳು ಎರಡನ್ನೂ ಸೆರಗಲ್ಲಿ ಸುತ್ಕೊಂಡು ಹೋಗಿ ಪಂಚಾಯಿತಿ ಮೇಜಿನ ಮೇಲೆ ಇಟ್ಟಳು. ಮಾತೇ ಆಡಲಿಲ್ಲ. ಹದಿನೈದು ದಿನದಲ್ಲಿ ಚರಂಡಿ ದಾಟೋ ಪೈಪು ಬದಲಾಯ್ತು. ನನ್ನ ಇಪ್ಪತ್ತು ಅರ್ಜಿ ಮಾಡದ ಕೆಲಸವನ್ನ ಆ ಎರಡು ಸೀಸೆ ಮಾಡಿದವು.

ಇದು ಬರೀ ನಮ್ಮೂರ ಕಥೆಯಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ನೆನಪು ಮಾಡ್ಕೊಳ್ಳಿ. ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಜೀವ ಬಿಟ್ಟರು. ಸಂಕಟ ಬಿದ್ದದ್ದು ದಲಿತರ ಕೇರಿಗೆ. ಅಲ್ಲೂ ನಲ್ಲಿ ಇತ್ತು, ಟ್ಯಾಂಕು ಇತ್ತು.

'ನಿಮ್ಮ ಟ್ಯಾಂಕು ನಿಮಗೆ' ಅನ್ನೋ ಏರ್ಪಾಡು ಏನು ಮಾಡುತ್ತೆ ಅಂತ 2022ರ ಡಿಸೆಂಬರಿನಲ್ಲಿ ತಮಿಳುನಾಡಿನ ವೇಂಗೈವಯಲ್‌ನಲ್ಲಿ ನೋಡಿದೆವು. ದಲಿತರ ಕೇರಿಗೆ ನೀರು ಕೊಡೋ ಟ್ಯಾಂಕಿನಲ್ಲಿ ಮನುಷ್ಯರ ಮಲ ಸಿಕ್ಕಿತು. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ಬೀದಿಯ ತೊಂಬೆಯ ನೀರು ಕುಡಿದಳು ಅಂತ ಆ ನೀರನ್ನೆಲ್ಲ ಹೊರಬಿಟ್ಟು ಗಂಜಲದಿಂದ ತೊಳೆದರು. ಆಮೇಲೆ ಅಧಿಕಾರಿಗಳು ಬಂದು ನಮ್ಮ ಹುಡುಗರನ್ನ ಕರ್ಕೊಂಡು ಹೋಗಿ ಊರಿನ ತೊಂಬೆಗಳ ನೀರು ಕುಡಿಸಿದರು. ಆ ತೊಂಬೆ ಕಟ್ಟಿದ್ದು ಯಾರ ಹಣದಲ್ಲಿ? ಮಹಾಡ್‌ನಲ್ಲಿ 108 ಕೊಡ ಸುರಿದು 95 ವರ್ಷ ಆಗಿತ್ತು.

ಬೇರೆ ಟ್ಯಾಂಕು ಕೊಟ್ಟು ಬೇರೆ ಇಡೋದು ಸಮಾನತೆ ಅಲ್ಲ ಅಂತ ನಾನು ಆ ಹುಡುಗರಿಗೆ ಹೇಳೋದು ಇದಕ್ಕೇ. ಕಲ್ಯಾಣಿ ನೀರು ಕುಡಿಯೋದು ನಮ್ಮ ಗುರಿಯಲ್ಲ. ಈ ಊರಿನ ನೀರು ಒಂದೇ, ಅದರಲ್ಲಿ ನಮ್ಮ ಪಾಲೂ ಇದೆ ಅಂತ ಊರು ಒಪ್ಪಬೇಕು. ಅದನ್ನ ಒಪ್ಪದೆ ಇದ್ದರೆ ಕೇರಿಯ ಪೈಪು ಯಾವಾಗಲೂ ಚರಂಡಿ ಒಳಗೇ ಬರುತ್ತೆ.

ಇನ್ನು ಇತಿಹಾಸದ ಮಾತು. ನಮ್ಮ ಕಲ್ಯಾಣಿ ಪಕ್ಕ ಇನ್ನೊಂದು ಫಲಕ ಹಾಕಿ ಅಂತ ಕೇಳಿದ್ದೀವಿ. ಯಾರು ಕಟ್ಟಿಸಿದರು, ಯಾವ ಕಾಲದ್ದು ಅಂತ ಬರೀರಿ. ಜೊತೆಗೆ ಈ ಕಲ್ಲಿನ ಮೇಲೆ ಕೇರಿಯ ಹೆಂಗಸರು ಕೊಡ ಇಟ್ಟು ಕಾಯ್ತಿದ್ದರು, ಇಷ್ಟು ತಲೆಮಾರು ಇಳಿಯೋಕೆ ಬಿಟ್ಟಿರಲಿಲ್ಲ, ಈಗ ಎಲ್ಲರಿಗೂ ಮುಕ್ತ ಅಂತಲೂ ಬರೀರಿ. "ಹಳೇದೆಲ್ಲ ಯಾಕೆ ಕೆದಕ್ತೀರ" ಅಂತಾರೆ. ಹಳೇದನ್ನ ಕೆದಕೋಕೇ ಅಲ್ವಾ ಸ್ವಾಮಿ ಪರಂಪರೆ ಅನುದಾನ ಬಂದಿರೋದು? ರಾಜ ಕಟ್ಟಿಸಿದ್ದು ಮಾತ್ರ ಇತಿಹಾಸ, ನಮ್ಮ ಅಮ್ಮಂದಿರು ಕಾದದ್ದು ಇತಿಹಾಸ ಅಲ್ವಾ? ಹೂಳಿನ ಜೊತೆ ಅದನ್ನೂ ಎತ್ತಿ ಬಿಸಾಡಿದರೆ ಮುಂದಿನ ಮಕ್ಕಳು ಆ ಸವೆದ ಕಲ್ಲನ್ನ ಬಟ್ಟೆ ಒಗೆಯೋ ಕಲ್ಲು ಅಂದುಕೊಳ್ತಾರೆ. ತೂಬು ಎತ್ತಿದ ನೀರಗಂಟಿಗಳ ಹೆಸರು ಯಾವ ಶಾಸನದಲ್ಲೂ ಬೇಡ, ಹೊಸದಾಗಿ ಹಾಕೋ ಗ್ರಾನೈಟ್ ಫಲಕದಲ್ಲಾದರೂ ಒಂದು ಸಾಲು ಇರಲಿ. ಈ ಬೇಡಿಕೆ ಇನ್ನೂ ಈಡೇರಿಲ್ಲ, ಅರ್ಜಿ ಓಡ್ತಾ ಇದೆ.

ಆದ್ದರಿಂದ ಬಂಧುಗಳೇ, ನಿಮ್ಮ ಊರಿನಲ್ಲಿ ಇಷ್ಟು ಮಾಡಿ:

1. ಕಳೆದ ಐದು ವರ್ಷದಲ್ಲಿ ಕೆರೆ, ಕಲ್ಯಾಣಿ, ಬಾವಿಗೆ ಖರ್ಚಾದ ಹಣದ ಕ್ರಿಯಾ ಯೋಜನೆ, ಬಿಲ್ಲು ಕೇಳಿ. ಯೋಜನೆಯ ಹೆಸರು, ಮೊತ್ತ ಸ್ಥಳದ ಫಲಕದಲ್ಲಿ ಇರಲೇಬೇಕು ಅನ್ನಿ. ಅದರ ಕೆಳಗೆ 'ಎಲ್ಲರಿಗೂ ಮುಕ್ತ' ಅನ್ನೋ ಎರಡು ಪದ ಕೇಳಿ.

2. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ಜಲ ಜೀವನ್ ಮಾರ್ಗಸೂಚಿ ಪ್ರಕಾರ ಅರ್ಧದಷ್ಟು ಹೆಂಗಸರು, ಕಾಲು ಭಾಗ ಊರಿನ ದುರ್ಬಲ ವರ್ಗದವರು, ಅಂದರೆ ಪರಿಶಿಷ್ಟ ಜಾತಿ, ಪಂಗಡದವರು ಜನಸಂಖ್ಯೆಗೆ ತಕ್ಕಂತೆ ಇರಬೇಕು. ನಮ್ಮವರ ಹೆಸರು ಬರೆದು, ಸಹಿ ಅವರೇ ಹಾಕ್ಕೊಳ್ಳೋ ಕಡೆಗಳೂ ಇವೆ. ಹುಷಾರು.

3. ನೀರು ಪರೀಕ್ಷೆ ಕೇರಿಯ ಕೊನೇ ನಲ್ಲಿಯಿಂದಲೇ ಆಗಲಿ. ವರ್ಷಕ್ಕೆ ಒಂದು ಸಲ ರಾಸಾಯನಿಕ, ಎರಡು ಸಲ ಬ್ಯಾಕ್ಟೀರಿಯಾ ಪರೀಕ್ಷೆ. ಫಲಿತಾಂಶ ಗ್ರಾಮಸಭೆಯಲ್ಲಿ ಓದಲಿ. ಕಿಟ್ ಹಿಡಿಯೋ ಕೈಯಲ್ಲಿ ನಮ್ಮ ಹೆಣ್ಣುಮಕ್ಕಳ ಕೈಯೂ ಇರಲಿ.

4. ಪರಿಶಿಷ್ಟರ ಜನಸಂಖ್ಯೆ ಅರ್ಧಕ್ಕಿಂತ ಹೆಚ್ಚಿರೋ ಊರಿನಲ್ಲಿ ಜನರ ವಂತಿಗೆ ಶೇ 10 ಅಲ್ಲ, ಶೇ 5. ಹೆಚ್ಚು ವಸೂಲಿ ಮಾಡಿದ್ದರೆ ಲೆಕ್ಕ ಕೇಳಿ.

5. ಯಾರಾದರೂ ತಡೆದರೆ, ನಾವು ಬಳಸೋ ನೀರನ್ನ ಬೇಕಂತಲೇ ಕೆಡಿಸಿದರೆ ದೌರ್ಜನ್ಯ ತಡೆ ಕಾಯ್ದೆ ಇದೆ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯ ನಂತರ ಬಾವಿ, ಕೆರೆ, ನಲ್ಲಿ ಬಳಸೋಕೆ ಅಡ್ಡಿ ಮಾಡೋದೂ ಅದರಲ್ಲಿ ಸ್ಪಷ್ಟವಾಗಿ ಅಪರಾಧ.

ಸರ್ಕಾರಕ್ಕೆ ಕೇಳೋದು ಒಂದೇ. ಬೋಳೆಯವರು 1926ರಲ್ಲಿ ಹೇಳಿದ್ದನ್ನ ಈಗ ಮಾಡಿ. ಕೆರೆ, ಕಲ್ಯಾಣಿ, ಬಾವಿಗೆ ಹಣ ಬಿಡುಗಡೆ ಮಾಡೋ ಮುಂಚೆ, ಇಲ್ಲಿ ಯಾರಿಗೂ ತಡೆ ಇಲ್ಲ ಅಂತ ಗ್ರಾಮಸಭೆಯ ನಡಾವಳಿ ತಗೊಳ್ಳಿ. ಅದನ್ನ ಕೇರಿಯಲ್ಲಿ ಕೂತು ಬರೀರಿ. ತಡೆ ಇರೋ ಕಡೆ ಎರಡನೇ ಕಂತು ನಿಲ್ಲಿಸಿ. ಕಾಮಗಾರಿಗೆ ಫೋಟೋ ಬೇಕು, ಜಿ.ಪಿ.ಎಸ್. ಬೇಕು ಅಂತ ಕೇಳೋ ನಿಮಗೆ ಇದೊಂದು ಕಾಗದ ಭಾರ ಆಗೋದಿಲ್ಲ.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ಯಾವ ಅನುದಾನವೂ ಬೇಡ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಅರವತ್ತು ಎಪ್ಪತ್ತು ದಾಟಿದ ಹೆಂಗಸರ ಹತ್ತಿರ ಕೂತ್ಕೊಳ್ಳಿ. ನೀರು ಎಲ್ಲಿಂದ ತರ್ತಿದ್ರಿ, ಯಾರು ಸುರೀತಿದ್ರು, ಎಷ್ಟು ಹೊತ್ತು ಕಾಯ್ತಿದ್ರಿ ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ, ಬರೆದಿಡಿ. ಊರಿನ ಹೆಸರು, ಬಾವಿಯ ಹೆಸರು ಬಿಡಬೇಡಿ. ನಾಳೆ ಆ ಬಾವಿಗೆ ಫಲಕ ಹಾಕೋರು ಬಂದು "ಇದಕ್ಕೆ ದಾಖಲೆ ಎಲ್ಲಿದೆ" ಅಂತ ಕೇಳ್ತಾರೆ. ಆಗ ಕೊಡೋಕೆ ನಮ್ಮ ಹತ್ತಿರ ಇರಬೇಕು.

ಜೈ ಭೀಮ್.